ನೆರ್ಮಿನ್ ತೇಯ್ಜೆ ತಂದ ಹಲ್ವಾ

ಕಳೆದ ತಿಂಗಳು ಆಸ್ಟಿನ್‌ನ ಒಂದು ಟರ್ಕಿ ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಹುಡುಗಿಯೊಬ್ಬಳು ಬಂದು ನಮ್ಮ ಅಂಗೈಗೆ ನಿಂಬೆ ವಾಸನೆಯ ಕೊಲೋನ್ ಸುರಿದಳು. ಜೊತೆಗಿದ್ದ ಗೆಳತಿ ಇಸ್ತಾಂಬುಲ್ ಪ್ರವಾಸಕ್ಕೆ ಹೊರಟವಳು. “ಹಾ, ಇದು ನನ್ನ ಬುಕ್ಕಲ್ಲಿದೆ” ಎಂದು ಚೀಲದಿಂದ ಪ್ರವಾಸಿ ಕೈಪಿಡಿ ತೆಗೆದು ಓದತೊಡಗಿದಳು. ಚಪ್ಪಲಿ ಹೊರಗೆ ಬಿಡಬೇಕು, ಚಹಾ ಬೇಡ ಅನ್ನಬಾರದು, ಹಿರಿಯರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳಬೇಕು. ಪುಸ್ತಕ ಕಸಿದುಕೊಂಡು, ಸಾವಿನ ಮನೆಯ ಬಗ್ಗೆ ಏನಾದರೂ ಇದೆಯೇ ಎಂದು ಹುಡುಕಿದೆ. ಒಂದು ಸಾಲೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಪುಸ್ತಕದ ಮೇಲೆ ಅಷ್ಟು ಸಿಟ್ಟೇಕೆ ಎಂದು ಗೆಳತಿ ಕೇಳಿದಳು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರದಾಗಿಯೂ ನಿಮ್ಮದೇ ಆಗಿದ್ದ ಮನೆಯೊಂದು ನಿಮಗೂ ಇದ್ದಿರಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಸೀರೆ ಅಂಗಡಿಗಳ ಹಿಂದಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎದುರು ಬಾಗಿಲು ನೆರ್ಮಿನ್ ಅವರದು. ಟರ್ಕಿಯ ಇಜ್ಮಿರ್ ಊರಿನವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಆಂಟಿ ಎಂದರೆ ಅವರಿಗೆ ಸೇರುತ್ತಿರಲಿಲ್ಲ. ತಾಯಿಯ ಒಡಹುಟ್ಟಿದವಳನ್ನು ಅವರ ಭಾಷೆಯಲ್ಲಿ ತೇಯ್ಜೆ ಎನ್ನುತ್ತಾರೆ, ಹಾಗೇ ಕರೆಯಬೇಕು ಎಂದು ಕಲಿಸಿದರು. ನನ್ನನ್ನು ಕುಜುಮ್ ಎನ್ನುತ್ತಿದ್ದರು, ನನ್ನ ಕುರಿಮರಿ ಎಂದು ಅರ್ಥ. ಅವರ ಮನೆಯೆಂದರೆ ಇಸ್ತ್ರಿಯ ಬಿಸಿ, ಸೀಮೆಸುಣ್ಣದ ಪುಡಿ, ಎರಡು ಅಂತಸ್ತಿನ ಕೆಟಲಿನಲ್ಲಿ ಸದಾ ಕುದಿಯುವ ಕಪ್ಪು ಚಹಾ. ಒಮ್ಮೆ ನನ್ನ ಫ್ರಾಕಿಗೆ ಕಣ್ಣಿನಾಕಾರದ ನೀಲಿ ಗಾಜಿನ ಮಣಿ ಚುಚ್ಚಿ ಕಳಿಸಿದರು. ಧಾರವಾಡದವಳಾದ ಅಮ್ಮನಿಗೆ ಭಾರಿ ಖುಷಿ. “ಅಯ್ಯ, ಇವ್ರೂ ನಮ್ಮಂಗ ದೃಷ್ಟಿಗೆ ಅಂಜತಾರ ನೋಡ್ರಿ!” ಅಪ್ಪ ಪೇಪರಿನಿಂದ ತಲೆಯೆತ್ತದೆ, “ನಿನ್ನ ಮಗಳಿಗೆ ಯಾರ ದೃಷ್ಟಿ ತಾಗ್ತದ? ಅಕೀನ ಮಂದಿಗೆ ತಾಗ್ತಾಳ” ಎಂದರು.

ಒಂದು ದಿನ ಇಜ್ಮಿರ್‌ನಲ್ಲಿದ್ದ ನೆರ್ಮಿನ್ ಅವರ ತಾಯಿ ತೀರಿಕೊಂಡರು. ಅವರಿಗೆ ಹೋಗಲಾಗಲಿಲ್ಲ. ನಾನೂ ಅಮ್ಮನೂ ಹೋದಾಗ ಅವರು ಒಲೆಯ ಮುಂದೆ ನಿಂತು ಹಲ್ವಾ ಮಾಡಲು ಬೆಣ್ಣೆಯಲ್ಲಿ ರವೆ ಹುರಿಯುತ್ತಿದ್ದರು. ಸಣ್ಣ ಉರಿ, ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ, ರವೆಯೊಳಗಿನ ಪೈನ್ ಬೀಜಗಳು ಕೆಂಪಾಗುವ ತನಕ ಕೈ ನಿಲ್ಲಿಸುವಂತಿಲ್ಲ. ಬಂದವರೆಲ್ಲ ಸತ್ತವರನ್ನು ನೆನೆದು ಸ್ವಲ್ಪ ಹೊತ್ತು ತಿರುವಬೇಕು, ಆ ಪರಿಮಳ ಸತ್ತವರಿಗೆ ಮುಟ್ಟುತ್ತದೆ ಎಂದು ಹೇಳಿ ಮರದ ಸೌಟನ್ನು ನನ್ನ ಕೈಗಿತ್ತರು. ಆಮೇಲೆ ಅಮ್ಮ ತಿರುವಿದಳು. ಮನೆಗೆ ಬಂದು, “ನಮ್ಮ ಶಿರಾನ ಅದು. ಆದ್ರ ಅಳಕೋತ ಮಾಡಿದ್ದು” ಎಂದಳು.

ಮರುವರ್ಷ ಅಮ್ಮ ಕಾಯಿಲೆ ಬಿದ್ದಳು. ತಿಂಗಳು ತಿಂಗಳಿಗೆ ಸಡಿಲವಾಗುತ್ತಿದ್ದ ಅವಳ ಬ್ಲೌಸುಗಳನ್ನು ನೆರ್ಮಿನ್ ತೇಯ್ಜೆ ಬಿಗಿ ಮಾಡಿ ಕೊಟ್ಟರು. ಚಳಿಗಾಲ ಮುಗಿಯುವುದರೊಳಗೆ ಅಮ್ಮ ಹೋದಳು. ಮೂರನೆಯ ದಿನ ಮನೆ ತುಂಬ ಕನ್ನಡದವರು. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ ಬಂದಿದ್ದ ವಿಮಲಾ ಆಂಟಿಯದೇ ಯಜಮಾನಿಕೆ, ಅವರು ಮೈಸೂರಿನವರು. ಆಗ ನೆರ್ಮಿನ್ ತೇಯ್ಜೆ ದೊಡ್ಡ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಆಂಟಿ ತಟ್ಟೆಗೆ ಮುಚ್ಚಿದ್ದ ಹಾಳೆ ಸರಿಸಿ ನೋಡಿದರು.

“ಅಯ್ಯೋ ಕರ್ಮವೇ! ಹೆಣ ಎತ್ತಿ ಮೂರು ದಿನ ಆಗಿಲ್ಲ, ಕೇಸರಿಬಾತ್ ತಂದಿದ್ದಾಳಲ್ರೀ!”

“ಹೆಣ್ಣು ನೋಡೋ ಶಾಸ್ತ್ರ ಅನ್ಕೊಂಡ್ಳೇನೋ” ಎಂದರು ಹಿಂದಿನಿಂದ ಯಾರೋ. ಸಾವಿನ ಮನೆಯಲ್ಲಿ ಒಬ್ಬಿಬ್ಬರು ನಕ್ಕರು. ಹೌದು, ನಕ್ಕರು. ಆಂಟಿ ತಟ್ಟೆಯನ್ನು ಅಡುಗೆಮನೆಗೆ ಒಯ್ದರು. ಕಸದ ಡಬ್ಬಿಯ ಮುಚ್ಚಳ ಬಿದ್ದ ಸದ್ದು ಬಾಗಿಲ ತನಕ ಕೇಳಿಸಿತು. ಸಿಹಿ ಎಂದರೆ ಹಬ್ಬ ಎಂದಷ್ಟೇ ತಿಳಿದವರು, ಇದೇಕೆ ತಂದಿರಿ ಎಂದು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಓದಿದವರು, ಡಾಕ್ಟರು, ಇಂಜಿನಿಯರು! ಅಪ್ಪ ಸೋಫಾದ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದರು.

ನೆರ್ಮಿನ್ ತೇಯ್ಜೆ ನನ್ನತ್ತ ಬಾಗಿ ಕೇಳಿದರು, “ಅವರೇನು ಅಂದರು, ಕುಜುಮ್?”

ಆ ಕೋಣೆಯಲ್ಲಿ ಎರಡೂ ಕಡೆಯದು ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಇದು ಅಮ್ಮನಿಗಾಗಿ ಹುರಿದದ್ದು ಎಂದು ಕನ್ನಡದಲ್ಲಿ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. “ಈಗ ಯಾರಿಗೂ ಹಸಿವಿಲ್ಲವಂತೆ” ಎಂದೆ. ಅವರು ನನ್ನ ಕೆನ್ನೆ ಸವರಿ ಹೋದರು. ಎದುರು ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಆಮೇಲೆ ಅದನ್ನು ತಟ್ಟುವ ಮುಖ ನನಗಿರಲಿಲ್ಲ. ಎರಡು ತಿಂಗಳಲ್ಲಿ ಅಪ್ಪನಿಗೆ ಡಾಲಸ್ ಕಡೆ ಕೆಲಸವಾಗಿ ಫಾರ್ಮರ್ಸ್ ಬ್ರಾಂಚ್ ಎಂಬ ಊರಿಗೆ ಶಿಫ್ಟ್ ಆದೆವು. ಕಾಲೇಜಿಗೆ ಹೋದ ಮೇಲೆ ಒಮ್ಮೆ ಡ್ರೈವ್ ಮಾಡಿಕೊಂಡು ಹೋಗಿ ನೋಡಿದೆ. ಆ ಮನೆಯಲ್ಲಿ ಬೇರೆಯವರಿದ್ದರು. ನೆರ್ಮಿನ್ ಎಂಬ ಹೆಸರೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಡೆಗೊಂದು ದಿನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಪೇಪರ್ ಮಡಿಸಿಟ್ಟು ಹೇಳಿದರು, “ನನಗ ಗೊತ್ತಿತ್ತವಾ. ಹಿಂದಿನ ದಿನಾನ ನೆರ್ಮಿನ್ ಅವ್ರು ಫೋನ್ ಮಾಡಿ ಕೇಳಿದ್ರು, ನಿಮ್ಮವ್ವಗ ಸಕ್ಕರಿ ಎಷ್ಟು ಸೇರತಿತ್ತು ಅಂತ.”

“ಮತ್ತ ಯಾಕ ಸುಮ್ಮನ ಕೂತ್ರಿ?”

“ಮಂದಿ ಇದ್ರಲ್ಲ.”

ಮಂದಿ! ಅಮ್ಮ ಹೋದ ಮರುವಾರ ಆ ಮಂದಿಯಲ್ಲಿ ಒಬ್ಬರೂ ಇರಲಿಲ್ಲ. ನಾನೂ ಅಪ್ಪನೂ ಮೈಕ್ರೋವೇವಿನ ಮುಂದೆ ನಿಂತು ಉಂಡೆವು.

ಅಪ್ಪ ಹೋಗಿ ಈಗ ಐದು ತಿಂಗಳು. ಅವರಿಗಾಗಿ ಅಳಲು ಕೂರುತ್ತೇನೆ, ಅರ್ಧದಲ್ಲಿ ಸಿಟ್ಟು ಬಂದು ಅಳು ನಿಂತುಬಿಡುತ್ತದೆ. ಜಗಳವಾಡಲು ಇನ್ನು ಅವರೂ ಇಲ್ಲ. ನೆರ್ಮಿನ್ ತೇಯ್ಜೆ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಸಿಕ್ಕರೆ ಕ್ಷಮೆ ಕೇಳುವುದು ಆಮೇಲೆ. ಮೊದಲು, ನಾನಂದದ್ದು ಸುಳ್ಳು ಎಂದು ಹೇಳಬೇಕು. ಆ ದಿನ ನನಗೆ ತುಂಬಾ ಹಸಿವಾಗಿತ್ತು.