ಎತ್ತರದ ಗಾಡಿಯ ಹಿಂದಿನ ಸೀಟು

ಭಾನುವಾರ ಬೆಳಗ್ಗೆ ರಾಯಕೋಟೆ ರಸ್ತೆಯ ಇಡ್ಲಿ ಹೋಟೆಲೊಂದರ ಮುಂದೆ ಆರು ದೊಡ್ಡ ಬೈಕುಗಳು ಸಾಲಾಗಿ ನಿಂತಿದ್ದರೆ ಅವು ನಮ್ಮವು. ನಮ್ಮವು ಅಂದರೆ ನಮ್ಮ ಯಜಮಾನರದೂ ಅವರ ಐದು ಜನ ಸ್ನೇಹಿತರದೂ. ಆ ಆರರಲ್ಲಿ ಹಿಂದೆ ಹೆಂಗಸು ಕೂತು ಬಂದಿರುವುದು ಒಂದೇ ಗಾಡಿಯಲ್ಲಿ, ಆ ಹೆಂಗಸು ನಾನು. ಉಳಿದವರ ಹೆಂಡಂದಿರು ಒಂದೆರಡು ಸಲ ಬಂದರು. ಬಿಸಿಲು, ಧೂಳು, ಸೊಂಟ ಅಂತ ಹೇಳಿ ಕೈಮುಗಿದು ಮನೆಯಲ್ಲೇ ಉಳಿದರು. ನಾನು ಇಪ್ಪತ್ತೆರಡು ವರ್ಷದಿಂದ ಬಿಟ್ಟಿಲ್ಲ.

ಹೋದ ವರ್ಷ ಹುರುಳಿ ಕೊಯ್ಲಿನ ಹೊತ್ತಿಗೆ ಆ ಹೋಟೆಲಿನಲ್ಲಿ ಒಂದು ವಾದ ಶುರುವಾಯಿತು. ಹೊರದೇಶದ ಒಂದು ಹಳೇ ಕಂಪನಿ. ತಗ್ಗಿದ ಸೀಟು, ಕಾಲು ಮುಂದಕ್ಕೆ ಚಾಚಿ ಆರಾಮವಾಗಿ ಕೂರುವ ಕ್ರೂಸರ್ ಬೈಕುಗಳಿಗೆ ಹೆಸರಾದದ್ದು. ಅಂಥ ಕಂಪನಿ ಕಲ್ಲು, ಮಣ್ಣು, ಗುಡ್ಡ ಏನಿದ್ದರೂ ಹತ್ತುವ ಎತ್ತರದ ಅಡ್ವೆಂಚರ್ ಬೈಕು ಮಾಡಿದೆಯಂತೆ. ತೂಕ ಎರಡೂವರೆ ಕ್ವಿಂಟಾಲಿಗೂ ಮೇಲೆ. ಐವತ್ತು ಕಿಲೋದ ಐದು ಮೂಟೆ ರಾಗಿಯನ್ನು ಎರಡು ಚಕ್ರದ ಮೇಲೆ ನಿಲ್ಲಿಸಿದ ಹಾಗೆ.

ಅದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದವರು ಗುಲಾಬಿ ತೋಟದವರು. ಹೊಸೂರಿನ ಆಚೆ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವ ಇವರು ನಮ್ಮ ಯಜಮಾನರ ಬಾಲ್ಯದ ಗೆಳೆಯರು. ಎದುರು ನಿಂತವರು ಮೇಷ್ಟ್ರು. ತಮಿಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು, ಮನೆಮಾತು ಕನ್ನಡ, ಸಿಟ್ಟು ಬಂದರೆ ಮಾತ್ರ ತಮಿಳು.

"ಅಂಚೆಟ್ಟಿ ಕಾಡು ದಾರೀಲಿ ನಮ್ಮ ಗಾಡಿ ಹೊಟ್ಟೆ ಕಲ್ಲಿಗೆ ತಗಲ್ತದೆ ಕಣ್ಲಾ. ಇದು ಆನೆ ಥರ ದಾಟ್ಕೊಂಡು ಹೋಯ್ತದೆ" ಅಂದರು ಗುಲಾಬಿಯವರು.

"ಚುಮ್ಮಾ ಇರಪ್ಪ! ಕ್ರೂಸರ್ ಮಾಡೋನು ಕ್ರೂಸರ್ ಮಾಡ್ಬೇಕು. ಒಕ್ಕೋಕೆ ಅಂತ ರೋಡ್ ತುಂಬಾ ಹುರುಳಿ ಹರಡವ್ರೆ, ಬರೋವಾಗ ನೋಡಿದ್ಯಲ್ಲ? ಅದ್ರ ಮೇಲೆ ಆ ತೂಕದ ಗಾಡಿ ಜಾರಿದ್ರೆ ಎತ್ತೋರ್ಯಾರು? ಜೆಸಿಬಿ ತರಿಸ್ತೀಯಾ?" ಅಂದರು ಮೇಷ್ಟ್ರು.

"ಬಿದ್ರೆ ತಾನೇ ಎತ್ತೋದು?"

"ನಿನ್ನ ಕಾಲು ನೆಲಕ್ಕೆ ಎಟುಕಲ್ಲ, ನೀನು ಬೀಳ್ದೆ ಇನ್ನೇನ್ಲಾ ಮಾಡ್ತೀಯ?"

ಗುಲಾಬಿಯವರು ಕುಳ್ಳಗಿದ್ದಾರೆ. ಎಲ್ಲರೂ ನಕ್ಕರು. ಅವರು ಸೋಲುವವರಲ್ಲ, ಗಾಡಿ ನಿಲ್ಲುವಾಗ ಸೀಟು ತಾನೇ ತಗ್ಗುವ ವ್ಯವಸ್ಥೆ ಇದೆ ಅಂತ ಮೊಬೈಲಿನಲ್ಲಿ ವೀಡಿಯೋ ತೋರಿಸಿದರು. ಆರು ತಲೆಗಳು ಒಂದು ಮೊಬೈಲಿನ ಮೇಲೆ ಬಗ್ಗಿದವು. ನಾನು ಇಡ್ಲಿ ಮುಗಿಸಿ ಕೇಳಿದೆ: "ಹಿಂದಿನ ಸೀಟೂ ತಗ್ಗುತ್ತಾ?"

ಎಲ್ಲರೂ ತಲೆ ಎತ್ತಿ ನನ್ನ ಮುಖ ನೋಡಿದರು.

"ಅಕ್ಕಾ, ಅದು ವೀಡಿಯೋದಲ್ಲಿ ಹೇಳಿಲ್ಲ" ಅಂದರು ಗುಲಾಬಿಯವರು. ವಾದ ಮತ್ತೆ ಇಂಜಿನ್ನಿನ ಕಡೆ ಹೋಯಿತು. ನಮ್ಮ ಯಜಮಾನರು ಮಾತ್ರ ಆ ವೀಡಿಯೋವನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು. ಇಪ್ಪತ್ತೆರಡು ವರ್ಷ ಜೊತೆಗಿದ್ದವಳಿಗೆ ಅಷ್ಟು ಸಾಕು. ಈ ಮನುಷ್ಯ ಮನಸ್ಸು ಕೊಟ್ಟಾಯಿತು ಅಂತ ಗೊತ್ತಾಯಿತು. ಆ ಗಾಡಿ ಮನೆಗೆ ಬರುವುದು ನನಗೆ ಬೇಡವಾಗಿತ್ತು.

ಯಾಕೆ ಅಂತ ಹೇಳುತ್ತೇನೆ. ನನ್ನ ಎಡಮಂಡಿ ಎರಡು ವರ್ಷದಿಂದ ಕೈಕೊಟ್ಟಿದೆ. ನಮ್ಮ ಕ್ರೂಸರ್ ತಗ್ಗಾಗಿದೆ, ಕುರ್ಚಿಯಲ್ಲಿ ಕೂತ ಹಾಗೆ ಕೂತುಬಿಡಬಹುದು, ಬೆನ್ನಿಗೆ ಆಸರೆಯೂ ಇದೆ. ಆ ಎತ್ತರದ ಗಾಡಿಗೆ ಎಡಗಾಲನ್ನು ಮೆಟ್ಟಿಲಿಗೆ ಕೊಟ್ಟು, ಇಡೀ ಮೈಭಾರವನ್ನು ಆ ಮಂಡಿಯ ಮೇಲೆ ಎತ್ತಿ, ಬಲಗಾಲು ದಾಟಿಸಬೇಕು. ಅದು ನನ್ನಿಂದ ಆಗದ ಕೆಲಸ. ಅದು ಮನೆಗೆ ಬಂದರೆ ನನ್ನ ಭಾನುವಾರ ಹೋಯಿತು. ಮಂಡಿಯ ವಿಷಯ ಯಜಮಾನರಿಗೆ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಮನೆಯಲ್ಲಿ ಕೂರಿಸುತ್ತಾರೋ ಅಂತ ಭಯ.

ಆ ಸೀಟಂದರೆ ನನಗೆ ಪ್ರಾಣ. ಮದುವೆಯಾಗಿ ಬಂದಾಗ ನಮ್ಮದು ರಾಯಕೋಟೆ ಹತ್ತಿರದ ಹಳ್ಳಿಯಲ್ಲಿ ತುಂಬಿದ ಮನೆ. ಅತ್ತೆ, ಮಾವ, ಇಬ್ಬರು ಮೈದುನರು, ಕೊಟ್ಟಿಗೆ ತುಂಬ ದನ. ಗಂಡನ ಜೊತೆ ನಾಲ್ಕು ಮಾತಾಡಲು ಜಾಗವಿರಲಿಲ್ಲ. ಫ್ಯಾಕ್ಟರಿ ಶಿಫ್ಟಿಗೆ ಹತ್ತಿರವಾಗಲಿ ಅಂತ ಆಮೇಲೆ ಹೊಸೂರಿನ ಅವಲಪಲ್ಲಿಗೆ ಬಂದೆವು, ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೇ ಬಂದರು. ಎರಡು ರೂಮಿನ ಮನೆ, ಗೋಡೆಗೂ ಕಿವಿ. ಇವರು ನೈಟ್ ಶಿಫ್ಟ್ ಮುಗಿಸಿ ಬಂದರೆ ನಾನು ಮಗಳನ್ನು ಶಾಲೆಗೆ ಕಳಿಸುವ ಗಡಿಬಿಡಿಯಲ್ಲಿರುತ್ತಿದ್ದೆ. ನಾವಿಬ್ಬರೇ ಇರುತ್ತಿದ್ದದ್ದು ಬೈಕಿನ ಮೇಲೆ. ಕ್ರೂಸರ್ ನಿಧಾನದ ಗಾಡಿ. ಕಿವಿ ಹತ್ತಿರ ಬಾಗಿದರೆ ಮಾತು ಕೇಳುತ್ತದೆ. ಅದಕ್ಕಿಂತ ದೊಡ್ಡ ಅನುಕೂಲ ಅಂದರೆ ನನ್ನ ಮುಖ ಅವರಿಗೆ ಕಾಣುವುದಿಲ್ಲ, ಅವರ ಮುಖ ನನಗೆ ಕಾಣುವುದಿಲ್ಲ. ಮುಖ ನೋಡಿ ಹೇಳಲಾಗದ್ದನ್ನೆಲ್ಲ ನಾನು ಆ ಬೆನ್ನಿಗೆ ಹೇಳಿದ್ದೇನೆ. ಮಗಳನ್ನು ಹಾಸ್ಟೆಲಿಗೆ ಬಿಡುವುದು, ಮೈದುನರ ಜೊತೆ ಭಾಗ ಆಗುವುದು, ಎರಡನೇ ಮಗು ಉಳಿಯದಿದ್ದಾಗಿನ ನನ್ನ ಅಳು, ಎಲ್ಲವೂ ಕೃಷ್ಣಗಿರಿ ಡ್ಯಾಮಿಗೆ ಹೋಗಿ ಬರುವ ದಾರಿಯಲ್ಲೇ ಆದದ್ದು.

ಆದರೆ ಇದು ಇಷ್ಟ ಅಂತ ಬಾಯಿಬಿಟ್ಟು ಹೇಳುವ ಹಾಗಿತ್ತೇ? ಸೊಸೆ ವಾರವಾರ ಗಂಡನ ಬೆನ್ನಿಗಂಟಿಕೊಂಡು ಊರು ಸುತ್ತುತ್ತಾಳೆ ಅಂತ ಅತ್ತೆ ಒಂದು ಸಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅದಕ್ಕೇ ನಾನು ಒಂದು ದಾರಿ ಹಿಡಿದಿದ್ದೆ. ಶನಿವಾರ ಸಾಯಂಕಾಲವೇ ಅಡುಗೆಮನೆಯಿಂದ ಗೊಣಗಾಟ ಶುರು ಮಾಡುತ್ತಿದ್ದೆ. "ನಾಳೆ ಮತ್ತೆ ಆ ದರಿದ್ರ ಗಾಡಿ ಹತ್ಬೇಕಾ? ನನ್ನ ಸೊಂಟ ಏನು ಕಬ್ಬಿಣದ್ದಾ? ಒಂದು ದಿನ ಮನೇಲಿರೋಣ ಅಂದ್ರೆ ಈ ಮನುಷ್ಯ ಬಿಡಲ್ವಲ್ಲಪ್ಪ!" ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಆಗ ಅತ್ತೆಯೇ ಸಮಾಧಾನ ಹೇಳೋರು: "ಹೋಗ್ಲಿ, ಹೋಗಿ ಬಾರಮ್ಮ. ಗಂಡ ಆಸೆಪಟ್ಟು ಕರೀತಾವ್ನೆ, ಬರಲ್ಲ ಅನ್ಬಾರ್ದು." ಅಷ್ಟು ಹೇಳಿಸಿಕೊಂಡರೆ ನನ್ನ ಕೆಲಸ ಆಯಿತು. ಮುಖ ಸಿಂಡರಿಸಿಕೊಂಡೇ ಗಾಡಿ ಹತ್ತುತ್ತಿದ್ದೆ, ಬೀದಿ ತಿರುಗಿದ ಮೇಲೆ ಒಳಗೊಳಗೇ ನಗುತ್ತಿದ್ದೆ. ಅತ್ತೆ ಹೋಗಿ ಮೂರು ವರ್ಷವಾಯಿತು. ಗೊಣಗಾಟ ಮಾತ್ರ ಬಾಯಲ್ಲಿ ಉಳಿದುಕೊಂಡಿತ್ತು.

ಹೋಟೆಲಿನ ವಾದ ಮೂರು ಭಾನುವಾರ ನಡೆಯಿತು. ನಾಲ್ಕನೆಯ ವಾರ ಯಜಮಾನರು ಊಟಕ್ಕೆ ಕೂತಾಗ, ಬೆಂಗಳೂರು ರಸ್ತೆಯಲ್ಲಿ ಹಳೇ ದೊಡ್ಡ ಬೈಕು ಮಾರುವ ಅಂಗಡಿಗೆ ಅದೇ ಗಾಡಿ ಬಂದಿದೆ, ಹೆಚ್ಚು ಓಡಿಲ್ಲ, ಕೊಂಡವನಿಗೆ ತೂಕ ತಡೆಯಲಾಗಲಿಲ್ಲವಂತೆ, ಭಾನುವಾರ ನೋಡಿಬರೋಣ ಅಂದರು. ಅವರ ಕಣ್ಣಲ್ಲಿ ಮಿಂಚಿತ್ತು. ರಿಟೈರ್ ಆಗಲು ಎರಡು ವರ್ಷ ಇರುವ ಮನುಷ್ಯ ತನಗೆ ಅಂತ ಬಾಯಿಬಿಟ್ಟು ಏನೂ ಕೇಳಿದವರಲ್ಲ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅವತ್ತಿನಿಂದ ಅವರು ಡ್ಯೂಟಿಗೆ ಹೋದ ಮೇಲೆ ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಡಗಾಲಿಟ್ಟು ಹತ್ತಿ ಇಳಿದು ಅಭ್ಯಾಸ ಮಾಡಿದೆ. ಎರಡು ಸಲ ಆಯಿತು, ಮೂರನೆಯದಕ್ಕೆ ಗೋಡೆ ಹಿಡಿದುಕೊಂಡು ಅಯ್ಯೋ ಶಿವನೇ ಅಂತ ಕೂತುಬಿಟ್ಟೆ. ಪಕ್ಕದ ಮನೆಯವಳು ಮಹಡಿಯಿಂದ ಇಣುಕಿ ಏನಾಯ್ತು ಅಂದಳು. ವ್ಯಾಯಾಮ ಅಂದೆ.

ಭಾನುವಾರ ನಮ್ಮ ಜೊತೆಗೆ ಗುಲಾಬಿಯವರೂ ಮೇಷ್ಟ್ರೂ ಅಂಗಡಿಗೆ ಬಂದರು. ಗಾಡಿ ಅಂಗಳದ ಮಧ್ಯೆ ನಿಂತಿತ್ತು. ವೀಡಿಯೋದಲ್ಲಿ ಕಂಡದ್ದಕ್ಕಿಂತ ಎತ್ತರ. ಯಜಮಾನರು ಹತ್ತಿ ಕೂತು, ಎರಡೂ ಕಾಲಿನ ತುದಿಬೆರಳು ನೆಲಕ್ಕೆ ತಾಗಿಸಿ, ಹ್ಯಾಂಡಲ್ ಹಿಡಿದು ನೇರವಾಗಿ ಕೂತರು. ಮೇಷ್ಟ್ರು ಸುತ್ತ ಒಂದು ಸುತ್ತು ಬಂದು, "ತೂಕ ಜಾಸ್ತಿ ಕಣಪ್ಪ, ಆದ್ರೆ ನಿಂಗೆ ಒಪ್ತದೆ" ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಗುಲಾಬಿಯವರು ತಾವೇ ಮಾಡಿದ ಗಾಡಿಯ ಹಾಗೆ ಬೀಗಿದರು.

ಆಗ ಯಜಮಾನರು ಅಂಗಡಿಯವರನ್ನು ಕೇಳಿದರು: "ಹಿಂದಿನ ಸೀಟ್ ಜಾಗದಲ್ಲಿ ದೊಡ್ಡ ಪೆಟ್ಟಿಗೆ ಕೂರಿಸ್ಬೋದಾ? ಸಾಮಾನು ಇಡೋಕೆ."

"ಧಾರಾಳವಾಗಿ ಸಾರ್" ಅಂದರು ಅವರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಎದುರಿಗೇ ನಿಂತಿದ್ದೇನೆ, ನನ್ನ ಜಾಗಕ್ಕೆ ಪೆಟ್ಟಿಗೆ! ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಮುಂದೆ ಹೋದೆ. "ನೀನ್ಯಾಕೆ? ಬೇಡ ಬುಡು" ಅಂದರು ಯಜಮಾನರು. ಕೇಳಲಿಲ್ಲ. ಅವರ ಭುಜ ಹಿಡಿದು ಎಡಗಾಲು ಮೆಟ್ಟಿಲಿಗೆ ಕೊಟ್ಟು ಎದ್ದೆ. ಅರ್ಧ ಎದ್ದೆ. ಮಂಡಿಯೊಳಗೆ ಏನೋ ಚಳುಕು ಹೊಡೆದು ಕಾಲು ಮಡಚಿಕೊಂಡಿತು. ಮೇಷ್ಟ್ರು ಹಿಂದಿನಿಂದ ಮೊಣಕೈ ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ಪ್ಲಾಸ್ಟಿಕ್ ಕುರ್ಚಿ ಬಂತು, ನೀರು ಬಂತು. ನಾಚಿಕೆಯಿಂದ ತಲೆ ಎತ್ತಲಿಲ್ಲ.

ಯಜಮಾನರು ಬಂದು ಮುಂದೆ ಕುಕ್ಕರಗಾಲಲ್ಲಿ ಕೂತು ಮೆತ್ತಗೆ ಹೇಳಿದರು: "ಹತ್ಬೇಡ ಅಂದ್ನಲ್ಲೇ. ಇನ್ಮೇಲೆ ನಿಂಗೆ ಈ ಕಷ್ಟನೇ ಇಲ್ಲ. ಭಾನುವಾರ ಮನೇಲಿ ನೆಮ್ಮದಿಯಾಗಿರು. ನಾನೊಬ್ನೇ ಹೋಗ್ಬತ್ತೀನಿ."

ಅಷ್ಟು ಪ್ರೀತಿಯಿಂದ ಅವರು ಮಾತಾಡಿದ್ದೇ ಅಪರೂಪ. ಅದಕ್ಕೇ ಇನ್ನೂ ಸಿಟ್ಟು ಬಂತು. "ಮನೆಗೆ ನಡೀರಿ" ಅಂದೆ. ಅವರು ಅಂಗಡಿಯವರಿಗೆ ಆಮೇಲೆ ಫೋನ್ ಮಾಡ್ತೀನಿ ಅಂದು ನಮ್ಮ ಹಳೇ ಕ್ರೂಸರ್ ತೆಗೆದರು. ನಾನು ಹತ್ತಿ ಕೂತೆ.

ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಸಾಲು ದಾಟಿದ ಮೇಲೆ ಆ ಬೆನ್ನಿಗೆ ಕೇಳಿದೆ: "ನನ್ನ ಜಾಗಕ್ಕೆ ಪೆಟ್ಟಿಗೆ ಹಾಕ್ತೀರಾ?"

"ನೀನು ಬರೋಕೆ ಬೇಜಾರು ಮಾಡ್ಕೊಂತೀಯಲ್ಲೇ."

"ಯಾರು ಹೇಳಿದ್ದು?"

"ನೀನೇ. ಪ್ರತಿ ಶನಿವಾರ."

"ಅದು ನಿಮ್ಮಮ್ಮನಿಗೆ ಕೇಳ್ಲಿ ಅಂತ ಅಂತಿದ್ದೆ ಕಣ್ರೀ! ಖುಷಿಯಾಗಿ ಹೊರಟ್ರೆ ಅವ್ರು ಏನಂದ್ಕೊಂತಾರೋ ಅಂತ."

ಅವರು ಗಾಡಿಯ ವೇಗ ತಗ್ಗಿಸಿದರು. "ಅಮ್ಮ ಹೋಗಿ ಮೂರು ವರ್ಷ ಆಯ್ತಲ್ಲ."

"ಅಭ್ಯಾಸ ಆಗ್ಬುಟ್ಟಿತ್ತು. ನಂಗೆ ಈ ಸೀಟು ಇಷ್ಟ. ಮದುವೆಯಾದಾಗ್ನಿಂದ್ಲೂ ಇಷ್ಟ. ಮಂಡಿ ನೋವು ನಿಜ, ಸೊಂಟ ನೋವು ಸುಳ್ಳು. ಸಾಕಾ?"

ಅವರು ಗಾಡಿಯನ್ನು ರಸ್ತೆ ಬದಿಯ ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದರು. ಇಂಜಿನ್ ಆರಿಸಿದರು. ಇಳಿಯಲಿಲ್ಲ, ಹಿಂದಕ್ಕೆ ತಿರುಗಲೂ ಇಲ್ಲ. ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ, ನಗುತ್ತಾರೆ ಅಂತಲೂ ಅಂದುಕೊಂಡೆ.

"ಇಪ್ಪತ್ತೆರಡು ವರ್ಷ ಕಣೇ" ಅಂದರು. "ಒಂದು ಭಾನುವಾರನೂ ನಾನು ಖುಷಿಯಾಗಿ ಗಾಡಿ ಓಡ್ಸಿಲ್ಲ. ಹಿಂದೆ ಕೂತಿರೋಳು ಕಷ್ಟಪಡ್ತಾವ್ಳೆ, ನನ್ನ ಹಟಕ್ಕೆ ಬಂದವ್ಳೆ ಅಂದ್ಕೊಂಡು ಒಂದೊಂದು ಗುಂಡೀನೂ ತಪ್ಸಿ ತಪ್ಸಿ ಓಡ್ಸಿದೀನಿ. ಅವ್ರೆಲ್ಲ ಮುಂದೆ ಹೋಗ್ಬುಟ್ರೂ ನಾನು ಸ್ಪೀಡ್ ಮಾಡ್ಲಿಲ್ಲ."

ನನ್ನ ಖುಷಿಯನ್ನು ಬಚ್ಚಿಟ್ಟುಕೊಳ್ಳಲು ಹೋಗಿ ಈ ಮನುಷ್ಯನ ಖುಷಿಯನ್ನೆಲ್ಲ ತಿಂದುಹಾಕಿದ್ದೆನಲ್ಲ. "ಅಷ್ಟು ಸಂಕಟ ಇದ್ರೆ ನನ್ನ ಯಾಕೆ ಕರ್ಕೊಂಡು ಹೋಗ್ತಿದ್ರಿ? ಬಿಟ್ಟು ಹೋಗ್ಬೋದಿತ್ತಲ್ಲ?"

ಅವರು ಹೆಲ್ಮೆಟ್ ಮತ್ತೆ ಕೈಗೆತ್ತಿಕೊಂಡರು.

"ಮನೇಲಿ ನೀನು ನನ್ನ ಹತ್ರ ಮಾತಾಡಲ್ಲ" ಅಂದರು. "ಇಲ್ಲಿ ಕೂತ್ರೆ ಮಾತಾಡ್ತೀಯ."