ಹೋಗಲಾರದವರಿಗೆ ಬರೆದವನು

ಗದಿಗೆಪ್ಪನ ಅಂಗಿಯ ತೋಳು ಯಾವಾಗಲೂ ಮೊಣಕೈತನಕ ಒದ್ದೆ. ಅವನು ಸವಣೂರಿನ ಎಲೆ ವ್ಯಾಪಾರಿ. ವೀಳ್ಯದೆಲೆಯ ಬುಟ್ಟಿಗಳ ಜೊತೆ ತಾನೂ ಲಾರಿ ಹತ್ತಿ ಪುಣೆ, ಮುಂಬಯಿ ಎಂದು ಹೊರಡುತ್ತಿದ್ದ. ಎಲೆ ಬಾಡದಂತೆ ದಾರಿಯುದ್ದಕ್ಕೂ ನೀರು ಚಿಮುಕಿಸಬೇಕು. ಹೀಗಾಗಿ ಎರಡು ಮೂರು ತಾಸಿಗೊಮ್ಮೆ ಬಾವಿ ಕಂಡಲ್ಲಿ ಲಾರಿ ನಿಲ್ಲಬೇಕು. ನಿಂತಲ್ಲೆಲ್ಲ ಅವನು ಬರೆಯುತ್ತಿದ್ದ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಈ ಮನುಷ್ಯನ ಪ್ರವಾಸ ಕಥನ ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ, ನನ್ನ ಪ್ರವಾಸ ಕಥನದ ಪಕ್ಕದಲ್ಲೇ ಅಚ್ಚಾಗುತ್ತಿತ್ತು. ನನ್ನ ಹೊಟ್ಟೆಯುರಿಗೆ ಅಷ್ಟು ಸಾಕಿತ್ತು.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ಹಾನಗಲ್ಲಿನಲ್ಲಿ ಹೈಸ್ಕೂಲು ಮಾಸ್ತರ. ರಜೆ ಬಂತೆಂದರೆ ಹೆಗಲಿಗೆ ಚೀಲ, ಕೈಯಲ್ಲಿ ಅಳತೆಯ ಟೇಪು. ಗುಡಿಯ ಕಂಬ ಎಷ್ಟು, ಶಾಸನದ ಸಾಲು ಎಷ್ಟು, ಯಾವ ಅರಸನ ಕಾಲ, ಒಂದನ್ನೂ ಬಿಡುತ್ತಿರಲಿಲ್ಲ. ಗದಿಗೆಪ್ಪ ಸಾತಾರಾ ದಾಟಿ ಹೋದರೂ ಒಂದು ಕೋಟೆಯ ಹೆಸರೂ ಬರೆದವನಲ್ಲ. ಬಾವಿಗೆ ಹಗ್ಗ ಕೊಟ್ಟ ಮುದುಕಿ ಮೊದಲು ಊರು ಕೇಳಿದಳೋ, ಊಟ ಕೇಳಿದಳೋ ಎಂಬುದನ್ನು ಬರೆಯುತ್ತಿದ್ದ. ಇದೂ ಒಂದು ಪ್ರವಾಸ ಸಾಹಿತ್ಯವೇನು ಎಂದು ಸಂಪಾದಕರಿಗೆ ತಕರಾರಿನ ಪತ್ರ ಬರೆದೆ. ಅವರು ಅದನ್ನು ಹಾಕಲಿಲ್ಲ.

ಒಮ್ಮೆ ಶಿಗ್ಗಾಂವಿಯ ವಾಚನಾಲಯದವರು ನಮ್ಮಿಬ್ಬರನ್ನೂ ಭಾಷಣಕ್ಕೆ ಕರೆದರು. ನಾನು ಮಾತಾಡುವಾಗ ಮುಂದಿನ ಸಾಲಿನಲ್ಲಿ ಇಬ್ಬರು ನಿವೃತ್ತ ಮಾಸ್ತರರು ಟಿಪ್ಪಣಿ ಮಾಡಿಕೊಂಡರು. ಅವನು ಎದ್ದು ನಿಂತಾಗ ಹೊರಗೆ ಕಾಳಿನ ಚೀಲ ಹೊರುತ್ತಿದ್ದ ಹಮಾಲರೆಲ್ಲ ಕಿಟಕಿಗೆ ಬಂದರು. ಚಹಾ ಕುಡಿಯುವಾಗ ತಡೆಯಲಾಗದೆ ಕುಟುಕಿದೆ: “ಗದಿಗೆಪ್ಪ, ಮಂದಿನ್ನ ಹಿಂಗ ಮಳ್ಳ ಮಾಡೂದು ಎಲ್ಲಿ ಕಲ್ತೀ?”

ಅವನಿಗೆ ಚುಚ್ಚಿದ್ದೇ ತಿಳಿಯಲಿಲ್ಲ. “ಎಲಿ ಕಟ್ಟೋ ಹೆಣ್ಮಕ್ಕಳ ಮುಂದ ಓದತೇನ್ರಿ ಸರ. ಅವರ ಕೈ ನಿಂತ್ರ ಆ ಮಾತು ಇಡತೇನಿ. ಕೈ ನಡದ ಇತ್ತಂದ್ರ ಹೊಡದ ಹಾಕತೇನಿ. ನಿಮ್ಮದು ಬ್ಯಾರೆ ಬಿಡ್ರಿ. ನೀವು ಬರಿಯೂದು ಹೋಗೋ ಮಂದಿಗೆ, ನಾ ಬರಿಯೂದು ಹೋಗಲಾರದವರಿಗೆ.”

ಆ ಹೋಗಲಾರದವರಲ್ಲಿ ಒಬ್ಬಳು ನನ್ನ ಮನೆಯಲ್ಲೇ ಇದ್ದಳು. ಅವ್ವನ ಕಣ್ಣು ಮಂಜಾಗಿತ್ತು, ಮೊಣಕಾಲು ಸೋತಿತ್ತು. ಪಡಸಾಲೆಯಲ್ಲಿ ಕುಳಿತು ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಶುಕ್ರವಾರ ಪತ್ರಿಕೆ ಬಂದ ಕೂಡಲೇ “ಎಲಿಯಾಂವ ಏನ ಬರದಾನ, ಓದೋ” ಅನ್ನುವಳು. ವೈರಿಯ ಬರಹವನ್ನು ನಾನೇ ಗಟ್ಟಿಯಾಗಿ ಓದಬೇಕು! ಶಿಗ್ಗಾಂವಿಯಿಂದ ಬಂದ ಮೇಲೆ ಓದುತ್ತ ಓದುತ್ತ ಅವಳ ಕೈಯನ್ನೇ ನೋಡತೊಡಗಿದೆ. ಗದಿಗೆಪ್ಪನ ಮುದುಕಿ ಬಾವಿಗೆ ಬಂದಳೆಂದರೆ ಕೈ ನಿಂತೇಬಿಡುತ್ತಿತ್ತು. ನನ್ನದನ್ನು ಓದುವಾಗ ಬತ್ತಿಯ ಮೇಲೆ ಬತ್ತಿ ಬೀಳುತ್ತಿತ್ತು. ಒಂದು ದೊಡ್ಡ ಗುಡಿ ಮುಗಿಯುವಷ್ಟರಲ್ಲಿ ವಾರದ ದೀಪಕ್ಕೆ ಸಾಕಾಗುತ್ತಿತ್ತು.

ಒಂದು ಶುಕ್ರವಾರ ಕೆಟ್ಟ ಬುದ್ಧಿ ಬಂತು. ನಾನು ಬರೆದದ್ದನ್ನೇ ಗದಿಗೆಪ್ಪನದೆಂದು ಓದಿದೆ. ಕೈ ನಿಲ್ಲಲಿಲ್ಲ.

“ಇದು ನಿಂದು,” ಅಂದಳು ಅವ್ವ.

“ಹೆಂಗ ಹೇಳ್ತಿ?”

“ಅಷ್ಟ ದೂರ ಹೋಗಿ ಬಂದ್ರೂ ಒಬ್ಬರೂ ನಿನ್ನ ಮಾತಾಡಸಲಿಲ್ಲಲ್ಲೋ.”

ಅವತ್ತು ನಾನು ಸಿಟ್ಟಿನಲ್ಲಿ ಊಟ ಬಿಟ್ಟೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಸವಣೂರಿನ ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತ ಹೇಳಿದ: “ಎಲಿ ಗದಿಗೆಪ್ಪ ಹೋದನ್ರಿ. ಎದಿ ನೋವು ಬಂತಂತ, ಲಾರಿ ಹತ್ತೂ ಮುಂದ.” ಸುಳ್ಳು ಯಾಕೆ ಹೇಳಲಿ, ಮೊದಲು ಹೊಳೆದದ್ದು ಇನ್ನು ಆ ಪುಟವೆಲ್ಲ ನನ್ನದು ಎಂದು. ಆಮೇಲೆ ಅವ್ವ ನೆನಪಾದಳು. ಅವಳಿಗೆ ಹೇಳಲಿಲ್ಲ. ಮೂರು ಶುಕ್ರವಾರ “ಎಲಿಯಾಂವ ಬರದಿಲ್ಲೇನು?” ಎಂದು ಕೇಳಿದಳು. ಮೂರು ಸಲವೂ ಊರಿಗೆ ಹೋಗಿರಬೇಕು ಅಂದೆ.

ನಾಲ್ಕನೆಯ ವಾರ ಟೇಪನ್ನು ಮನೆಯಲ್ಲೇ ಬಿಟ್ಟು ಹಿರೇಕೆರೂರಿನ ಬಸ್ಸು ಹತ್ತಿದೆ. ಅಲ್ಲಿ ಗುಡಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಹೊರಗೆ ಮಜ್ಜಿಗೆ ಮಾರುವ ಹೆಂಗಸಿನ ಎದುರು ಸುಮ್ಮನೆ ನಿಂತೆ. “ಬಿಸಲಾಗ ಬಂದೀರಿ, ಕುಂಡ್ರರಿ. ಯಾರ ಮನಿಗೆ ಹೋಗಬೇಕ್ರಿ?” ಅಂದಳು. ಯಾರ ಮನೆಗೂ ಇಲ್ಲವೆಂದೆ. “ಹಂಗಾರ ನಮ್ಮನಿಗೇ ಬಂದಂಗಾತು ತಗೋರಿ,” ಎಂದು ಲೋಟ ಕೊಟ್ಟಳು.

ಅದನ್ನು ಬರೆದು, ಪತ್ರಿಕೆಯಲ್ಲಿ ಬಂದ ಗದಿಗೆಪ್ಪನ ಬರಹವೆಂದು ಶುಕ್ರವಾರ ಅವ್ವನ ಮುಂದೆ ಓದಿದೆ. ಮಜ್ಜಿಗೆಯವಳ ಮಾತು ಬಂತು. ಕೈ ನಿಂತಿತು. ಹನ್ನೆರಡು ವರ್ಷ ಕಾದಿದ್ದೆ ನಾನು ಅದಕ್ಕೆ! ಎದೆ ಉಬ್ಬಿ ಮುಂದಿನ ಸಾಲಿಗೆ ಹೋಗಲಾರದೆ ಕುಳಿತೆ.

“ಚೊಲೊ ಬರದೀ,” ಅಂದಳು ಅವ್ವ. ಬತ್ತಿಯನ್ನು ಕೈಯಲ್ಲೇ ಹಿಡಿದು ಕೇಳಿದಳು, “ಅಂವ ಇದ್ದಿದ್ರ ನೀ ಹಿಂಗ ಬರೀತಿದ್ದಿಲ್ಲ. ಅಂವ ಹೋಗಿ ಎಷ್ಟ ದಿನಾತು?”

“ಒಂದ ತಿಂಗಳಾತು.”

ಅರ್ಧ ಹೊಸೆದ ಬತ್ತಿಯನ್ನು ಉಳಿದವುಗಳ ಜೊತೆ ಹಾಕದೆ ಬೇರೆ ಇಟ್ಟಳು. ಕೈ ನಿಂತದ್ದು ನನ್ನ ಮಾತಿಗೋ, ಅವನು ಇಲ್ಲವೆಂದು ತಿಳಿದದ್ದಕ್ಕೋ, ನಾನು ಕೇಳಲಿಲ್ಲ. ಅವನಿಗಾಗಿ ಅಂದಿದ್ದರೆ ಸತ್ತವನ ಮೇಲೂ ಹೊಟ್ಟೆ ಉರಿಯುತ್ತಿತ್ತು.