ರಿಪೋರ್ಟ್ ನಾರ್ಮಲ್ ಬಂದ ಮೇಲೆ

ಆ ವರ್ಷ ನನಗೆ ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವಾಗಿತ್ತು. ಹೇರೋಹಳ್ಳಿಯ ನಮ್ಮ ಮನೆಯಿಂದ ಹತ್ತಿರದ ಉಲ್ಲಾಳದ ಸ್ಕೂಲಿಗೆ ಹೋಗಿ ಗಣಿತ ಪಾಠ ಮಾಡುತ್ತಿದ್ದವಳು ರಜೆ ಹಾಕಿ ಮಲಗಿಬಿಟ್ಟಿದ್ದೆ. ಜ್ವರವಿಲ್ಲ, ನೋವಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಸುಸ್ತು. ಅದಕ್ಕಿಂತ ಹೆಚ್ಚಾಗಿ, ಯಾವುದೂ ಬೇಡ ಅನ್ನಿಸುತ್ತಿತ್ತು. "ಕೂತಲ್ಲಿಗೇ ಊಟ ಬಂದ್ರೆ ನಂಗೂ ಹಿಂಗೇ ಆಗುತ್ತೆ," ಎಂದು ನಮ್ಮತ್ತೆ ಬಾಗಿಲ ಹೊರಗೆ ನಿಂತು, ನನಗೆ ಕೇಳಿಸಲಿ ಅಂತಲೇ ಹೇಳುತ್ತಿದ್ದರು.

ಕೊನೆಗೆ ನನ್ನ ಗಂಡ ಶ್ರೀಗಂಧದ ಕಾವಲ್‌ನಲ್ಲಿ ಒಬ್ಬರು ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ ಟ್ವೆಲ್ವ್ ತೀರಾ ಕಮ್ಮಿ ಇತ್ತು. "ಇದು ಕಮ್ಮಿಯಾದ್ರೆ ಕೆಲವರಿಗೆ ಮನಸ್ಸೂ ಕುಗ್ಗುತ್ತೆ. ಆದ್ರೆ ನಿಮಗೆ ಅದೇ ಕಾರಣ ಅಂತ ಈಗ್ಲೇ ಹೇಳೋಕಾಗಲ್ಲ. ಇಂಜೆಕ್ಷನ್ ತಗೊಳ್ಳಿ. ಆಮೇಲೂ ಹೀಗೇ ಇದ್ರೆ ಮನೋವೈದ್ಯರನ್ನ ನೋಡಬೇಕಾಗುತ್ತೆ," ಎಂದರು ಡಾಕ್ಟರ್.

ನನ್ನ ಗಂಡ ಮೊದಲ ಮಾತನ್ನಷ್ಟೇ ಮನೆಗೆ ತಂದರು. "ತಲೆದೇನಲ್ಲವಂತೆ, ರಕ್ತದ್ದಂತೆ," ಎಂದು ಅತ್ತೆ ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದರು. ನನಗೆ ದಿನಾ ಮೊಟ್ಟೆ ಬೇಯಿಸಿ ಕೊಟ್ಟರು. ಬಿಸಿಲು ಕಾಯಲು ಟೆರೇಸ್ ಮೇಲೆ ಚಾಪೆ ಹಾಸಿದರು. ಅವರು ನನ್ನ ತಲೆಗೆ ಎಣ್ಣೆ ಹಚ್ಚುವಾಗ, ರಕ್ತ ಕೆಟ್ಟಿದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಇಂಜೆಕ್ಷನ್‌ಗಳು ಮುಗಿದವು. ಜೋಮು ಹೋಯಿತು. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಯಾಕಾದರೂ ಎಚ್ಚರವಾಯಿತೋ ಅನ್ನಿಸುವುದು ಹೋಗಲಿಲ್ಲ. ಮತ್ತೆ ರಕ್ತ ಕೊಟ್ಟೆ. ರಿಪೋರ್ಟ್ ಗಂಡನ ಮೊಬೈಲಿಗೆ ಬಂತು.

"ಎಲ್ಲಾ ನಾರ್ಮಲ್. ಇನ್ನೇನು ನಿಂದು?"

"ರೀ, ಒಳಗೆ ಹಂಗೇ ಇದೆ."

"ಒಳಗೆ ಅಂದ್ರೆ? ರಕ್ತಕ್ಕಿಂತ ಒಳಗೆ ಏನಿದೆ?"

ಮೊಟ್ಟೆ ನಿಂತಿತು. ಅತ್ತೆ ಚಾಪೆ ಸುತ್ತಿಟ್ಟರು.

ಅದೇ ವಾರ ಕೆಂಗೇರಿಯಲ್ಲಿ ನಾದಿನಿಯ ಗೃಹಪ್ರವೇಶ. ನಾನು ಏಳಲಿಲ್ಲ. ಗಂಡ ಹೊದಿಕೆ ಕಿತ್ತು ಬಿಸಾಡಿ, ರಟ್ಟೆ ಹಿಡಿದು ಎಬ್ಬಿಸಿದರು. ಅತ್ತೆ ರೇಷ್ಮೆ ಸೀರೆ ಉಡಿಸಿದರು. ಪಿನ್ನು ಭುಜಕ್ಕೆ ಚುಚ್ಚಿದ್ದನ್ನೂ ನೋಡಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎಲೆ ಹಾಗೇ ಇದ್ದುದನ್ನು ಕಂಡು ಪಕ್ಕದ ಹೆಂಗಸು, "ಹುಷಾರಿಲ್ವೇನಮ್ಮಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದುರು ಸಾಲಿನಿಂದ ಜೋರಾಗಿ, "ರಕ್ತ ಎಲ್ಲಾ ಸರಿಯಾಗಿದೆ. ನಾಟಕ ಒಂದು ನಿಂತಿಲ್ಲ," ಎಂದರು. ಕೆಲವರು ನಕ್ಕರು. ನನ್ನ ಗಂಡನೂ ನಕ್ಕರು.

ಮಾರನೇ ದಿನ ನಾನೊಬ್ಬಳೇ ಆಟೋ ಹತ್ತಿ ಅದೇ ಡಾಕ್ಟರ್ ಹತ್ತಿರ ಹೋದೆ. "ಮೇಡಂ, ನಾನು ನಾರ್ಮಲ್ ಅಂತೆ," ಅಂದವಳು ಅತ್ತುಬಿಟ್ಟೆ. ಅವರು ವಿಜಯನಗರದ ಮನೋವೈದ್ಯರೊಬ್ಬರಿಗೆ ತಾವೇ ಫೋನ್ ಮಾಡಿದರು. ಅಲ್ಲಿ ಕೊಟ್ಟ ಮಾತ್ರೆ ಹಿಡಿಯಲು ಬಹಳ ಸಮಯ ಬೇಕಾಯಿತು. ಒಂದು ಬೆಳಿಗ್ಗೆ ಕಾಫಿಯ ವಾಸನೆ ಹಿತವೆನಿಸಿತು. ನಿಧಾನಕ್ಕೆ ಸ್ಕೂಲಿಗೂ ಹೋಗತೊಡಗಿದೆ.

"ಇಂಜೆಕ್ಷನ್ ಸ್ವಲ್ಪ ಲೇಟಾಗಿ ಹಿಡೀತು," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಒಮ್ಮೆ ನೆಂಟರ ಮುಂದೆ ಅದನ್ನು ತಿದ್ದಲು ಹೋದೆ. ಅವರು ಹೊರಟ ಮೇಲೆ ಗಂಡ ಮೆಲ್ಲಗೆ, ಬುದ್ಧಿ ಹೇಳುವವರ ಹಾಗೆ ಹೇಳಿದರು: "ಮಗಳಿದಾಳೆ ಕಣೇ. ನಾಳೆ ಅವಳಿಗೆ ಗಂಡು ನೋಡ್ಬೇಕು. ತಾಯಿಗೆ ತಲೆ ಕೆಟ್ಟಿತ್ತು ಅನ್ನೋದಕ್ಕಿಂತ ತಾಯಿ ಸತ್ತೋಗಿದಾಳೆ ಅನ್ನೋದೇ ಸುಲಭ."

ಮಗಳು ಆಗ ನಾಲ್ಕನೇ ಕ್ಲಾಸು. ಪಕ್ಕದಲ್ಲೇ ನೆಲದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ತಲೆ ಎತ್ತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು.